ಕಳ್ಳನಿಗೆ ಕಟ್ಟಿದ ಗಂಟೆ

ನಾನು ಯಾವುದನ್ನು ಸರಿಮಾಡಲು ಕೈಹಾಕಿದರೂ ಅದು ಮೊದಲಿಗಿಂತ ಹೆಚ್ಚು ಕೆಡುತ್ತದೆ. ಇದು ಎಂದೋ ಒಂದು ಸಲ ಆಗುವುದಲ್ಲ, ಮಳೆಗಾಲ ಬಂದಂತೆ ತಪ್ಪದೆ ಆಗುತ್ತದೆ. ಆದರೂ ಮನೆಗೆ ಕಳ್ಳಗಂಟೆ ಕಟ್ಟಲು ಹೊರಟ ಆ ವರ್ಷದಷ್ಟು ನಾನು ಎಂದೂ ಸೋತಿಲ್ಲ.

ಅರವತ್ತರ ದಶಕ. ನಾನು ಕಂಬಂನಿಂದ ದಿಂಡಿಗಲ್‌ಗೆ ಹೋಗುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಮನೆ ಕಂಬಂನಲ್ಲೇ, ನಮ್ಮ ಕನ್ನಡದವರ ಬೀದಿಯಲ್ಲಿ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಬೀದಿಗೆ ಬೀದಿಯೇ ತೋಟದಲ್ಲಿರುತ್ತದೆ. ಅಂಥ ಒಂದು ಮಧ್ಯಾಹ್ನ ಪಕ್ಕದ ಮನೆಗೆ ಕಳ್ಳ ನುಗ್ಗಿ ಹಿತ್ತಾಳೆ ಪಾತ್ರೆಯನ್ನೆಲ್ಲ ಹೊತ್ತುಕೊಂಡು ಹೋದ. ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನೂ ಬಿಡಲಿಲ್ಲ. ಸಾರು ಚೆಲ್ಲಿ ಪಾತ್ರೆ ಒಯ್ದಿದ್ದ.

ಅವತ್ತಿನಿಂದ ನಮ್ಮವ್ವ ಹೊಸ್ತಿಲು ದಾಟುವುದನ್ನು ಬಿಟ್ಟಳು. ತೋಟಕ್ಕಿಲ್ಲ, ದೇವಸ್ಥಾನಕ್ಕಿಲ್ಲ, ನೆಂಟರ ಮನೆಗಿಲ್ಲ. ಕೇಳಿದರೆ ಒಂದೇ ಮಾತು: "ಮನೆ ಕಾಯೋರ್ಯಾರು?" ಪೆರಿಯಕುಳಂನಲ್ಲಿದ್ದ ಅವಳ ಒಬ್ಬಳೇ ತಂಗಿಯ ಮಗಳಿಗೆ ತೈ ತಿಂಗಳಲ್ಲಿ, ಅಂದರೆ ಸಂಕ್ರಾಂತಿ ಕಳೆದ ಮೇಲೆ, ಮದುವೆ ಗೊತ್ತಾಯಿತು. ಅದಕ್ಕೂ ಬರುವುದಿಲ್ಲ ಎಂದಳು. ಹಾಗೆಂದು ಅಡುಗೆಮನೆಗೆ ಹೋಗಿ, ಒಲೆಯ ಹೊಗೆಯ ನೆಪದಲ್ಲಿ ಬಹಳ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆ ಉರಿಯುತ್ತಿರಲಿಲ್ಲ.

ಅವಳನ್ನು ಆ ಮದುವೆಗೆ ಕರೆದೊಯ್ಯಲೇಬೇಕು ಎಂದು ನಾನು ಪಣ ತೊಟ್ಟೆ. ಕೆಟ್ಟಿದ್ದು ಅಲ್ಲಿಂದಲೇ.

ದಿಂಡಿಗಲ್ ಪೂಟ್ಟು

ಬೀಗವನ್ನು ನಮ್ಮ ಕಡೆ ಪೂಟ್ಟು ಅಂತೇವೆ. ಪೂಟ್ಟು ಬೇಕೆಂದರೆ ದಿಂಡಿಗಲ್ ಬಿಟ್ಟು ಬೇರೆ ಊರಿಲ್ಲ. ಬಸ್ಸು ಅಲ್ಲಿ ನಿಂತಿದ್ದ ಊಟದ ಹೊತ್ತಿನಲ್ಲಿ ಬೀಗದ ಅಂಗಡಿಗೆ ಹೋದೆ. ಅಂಗಡಿಯವನು ತಲೆಯಷ್ಟು ದೊಡ್ಡ ಬೀಗವೊಂದನ್ನು ಮುಂದಿಟ್ಟ.

"ಇದು ಗಂಟೆ ಪೂಟ್ಟು. ಯಾರೇ ಕೀಲಿ ತಿರುಗಿಸಲಿ, ಒಳಗೆ ಗಂಟೆ ಹೊಡೀತದೆ. ಕಳ್ಳನ ಎದೆಯೇ ಒಡೀಬೇಕು."

ತಿರುಗಿಸಿ ತೋರಿಸಿದ. ಟಿಂಗ್! ನನ್ನ ಎದೆ ತುಂಬಿ ಬಂತು. ಕೊಂಡು ತಂದು, ಬಸ್ಸಿನಲ್ಲಿ ನನ್ನ ಸೀಟಿನ ಮೇಲಿಟ್ಟು ಟಿಕೆಟ್ ಹರಿಯಲು ಹಿಂದೆ ಹೋದೆ.

ನಮ್ಮ ಬಸ್ಸಿನಲ್ಲಿ ಚಾವಣಿಯ ಉದ್ದಕ್ಕೂ ಹಗ್ಗ, ಅದರ ತುದಿಗೆ ಡ್ರೈವರಣ್ಣನ ಪಕ್ಕ ಒಂದು ಗಂಟೆ. ಒಂದು ಸಲ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ಹೊರಡು. ನನ್ನ ಸೀಟಿನ ಪಕ್ಕ ಮುಂಡಾಸು ಸುತ್ತಿದ ಒಬ್ಬ ತಾತ ಕೂತಿದ್ದರು. ಅವರ ಕಣ್ಣು ಆ ಬೀಗದ ಮೇಲೆ ಬಿತ್ತು. ಎತ್ತಿಕೊಂಡು ಕೀಲಿ ತಿರುಗಿಸಿದರು. ಟಿಂಗ್! ಬಾಳೆತೋಟದ ನಡುವೆ ಬಸ್ಸು ನಿಂತಿತು. ಇಳಿಯುವವರಿಲ್ಲ, ಹತ್ತುವವರಿಲ್ಲ. ಯಾರು ಹೊಡೆದರೋ ಎಂದು ನಾನು ಹಿಂದಿನಿಂದ ಹಗ್ಗ ಎಳೆದು ಹೊರಡಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಟಿಂಗ್! ಈ ಸಲ ಒಂದು ಸುಡುಗಾಡಿನ ಮುಂದೆ ನಿಂತಿತು. ಡ್ರೈವರಣ್ಣ ತಿರುಗಿ, "ಇಲ್ಲಿ ಯಾರಪ್ಪಾ ಇಳಿಯೋರು?" ಎಂದು ತಮಿಳಿನಲ್ಲಿ ಗದರಿದರು.

ನಿಲಕ್ಕೋಟ್ಟೈಯಲ್ಲಿ ಹೂವಿನ ಬುಟ್ಟಿಗಳನ್ನು ಮೇಲೇರಿಸಲು ನಾನು ಕೆಳಗಿಳಿದೆ. ಒಳಗೆ ತಾತ ಕೀಲಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದರು. ಟಿಂಗ್ ಟಿಂಗ್! ಬಸ್ಸು ಹೊರಟೇ ಹೋಯಿತು. ತಲೆಯ ಮೇಲೆ ಮಲ್ಲಿಗೆ ಬುಟ್ಟಿ, ಹೆಗಲಲ್ಲಿ ಟಿಕೆಟ್ ಚೀಲ, ನಾನು ಧೂಳಿನಲ್ಲಿ ಬಸ್ಸಿನ ಹಿಂದೆ ಓಡುತ್ತಿದ್ದೇನೆ. ಹಿಂದಿನ ಸೀಟಿನವರು ನಾನು ಟಾಟಾ ಮಾಡುತ್ತಿದ್ದೇನೆಂದು ತಿಳಿದು ಅವರೂ ಕೈ ಬೀಸಿದರು.

ಕೊನೆಗೆ ಬಸ್ಸು ಸಿಕ್ಕಿದಾಗ ಡ್ರೈವರಣ್ಣ ಬೀಗವನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತ ಹೇಳಿದರು: "ನಾಳೆಯಿಂದ ಇದೇ ಕಂಡಕ್ಟರಾಗಿರಲಿ. ನೀನು ಹೋಗಿ ನಿಮ್ಮನೆ ಬಾಗಿಲಲ್ಲಿ ನೇತಾಡು."

ಇಷ್ಟೆಲ್ಲ ಪಟ್ಟು ಮನೆಗೆ ತಂದರೆ ಅವ್ವ ಬೀಗವನ್ನು ಮುಟ್ಟಿಯೂ ನೋಡಲಿಲ್ಲ. "ಏನ್ಲಾ, ಇಷ್ಟು ದೊಡ್ಡ ಪೂಟ್ಟು ಬಾಗಿಲ ಮೇಲೆ ತೂಗ್ಹಾಕಿದ್ರೆ, ಒಳಗೆ ಯಾರೂ ಇಲ್ಲ, ಒಡವೆ ಭಾಳ ಇದೆ ಅಂತ ನಾವೇ ಕಳ್ಳನಿಗೆ ಹೇಳಿ ಕಳಿಸಿದಂಗಲ್ವಾ?"

ನಾನು ಬೀಗವನ್ನು ಅಟ್ಟಕ್ಕೆ ಸೇರಿಸಿದೆ. ಇಂದಿಗೂ ಅದು ಅಲ್ಲೇ ಇದೆ.

ಪಾತ್ರೆಗಳ ಕಾವಲು

"ಅಷ್ಟಕ್ಕೆಲ್ಲ ದಿಂಡಿಗಲ್‌ಗೆ ಯಾಕೆ ಹೋಗ್ಬೇಕು? ಮನೇಲಿ ಪಾತ್ರೆ ಇಲ್ವಾ?" ಎಂದಳು ನನ್ನ ಹೆಂಡತಿ.

ಅವಳ ಉಪಾಯ ಹೀಗಿತ್ತು. ಮುಂಬಾಗಿಲ ಹಿಂದೆ ಕೊಡದ ಮೇಲೆ ಕೊಡ, ತಪ್ಪಲೆಯ ಮೇಲೆ ತಪ್ಪಲೆ ಪೇರಿಸುವುದು. ಯಾರು ಬಾಗಿಲು ತಳ್ಳಿದರೂ ಬೀದಿಗೆಲ್ಲ ಕೇಳುವಂತೆ ಬೀಳುತ್ತವೆ. ನಾವು ಹಿತ್ತಲ ಬಾಗಿಲಿಂದ ಹೊರಗೆ ಹೋಗುವುದು.

"ಹಿತ್ತಲ ಬಾಗಿಲಿಂದ ಕಳ್ಳ ಬಂದ್ರೆ?" ಎಂದು ನಾನು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ಅಲ್ಲಿ ಅತ್ತೆ ಕೂತಿರ್ಲಿ" ಎಂದಳು.

ಆದರೂ ಒಂದು ಸಲ ನೋಡೋಣವೆಂದು ಗೋಪುರ ಕಟ್ಟಿದೆವು. ತೀರ ಮೇಲೆ ಒಂದು ಸೌಟನ್ನೂ ಇಟ್ಟೆವು. ಇಟ್ಟು ಕೈ ತೆಗೆಯುವುದಕ್ಕಿಲ್ಲ, ಹೊರಗಿನಿಂದ ಯಾರೋ ಬಾಗಿಲು ತಳ್ಳಿದರು. ಮನೆಯೇ ಕುಸಿದಂಥ ಸದ್ದು. ಒಂದು ಕೊಡ ಹೊಸ್ತಿಲು ಹಾರಿ ಬೀದಿಗುಂಟ ಉರುಳಿಕೊಂಡು ಹೋಯಿತು. ಬಾಗಿಲಲ್ಲಿ ಜರಿ ಅಂಚಿನ ಪಂಚೆ ಉಟ್ಟು, ತಟ್ಟೆಯಲ್ಲಿ ವೀಳ್ಯದೆಲೆ ಅರಿಸಿನ ಕುಂಕುಮ ಹಿಡಿದು ನಿಂತಿದ್ದವರು ಪೆರಿಯಕುಳಂನ ಚಿಕ್ಕಪ್ಪ, ಅಂದರೆ ಅವ್ವನ ತಂಗಿಯ ಗಂಡ. ಮಗಳ ಮದುವೆಗೆ ಕರೆಯಲು ಬಂದಿದ್ದರು. ಸೌಟು ಅವರ ಹಣೆಗೆ ಬಡಿದಿತ್ತು. ಕುಂಕುಮ ಮುಖಕ್ಕೆಲ್ಲ ಎರಚಿ, ಯಾವುದು ರಕ್ತ ಯಾವುದು ಕುಂಕುಮ ಎಂದು ತಿಳಿಯುವಂತಿರಲಿಲ್ಲ.

ಅವ್ವ ಎದೆ ಬಡಿದುಕೊಂಡು ಓಡಿ ಬಂದಳು. ಚಿಕ್ಕಪ್ಪ ಮಾತ್ರ ಅಲ್ಲೇ ನಿಂತು, ಕೈಯಲ್ಲಿ ಉಳಿದಿದ್ದ ಖಾಲಿ ತಟ್ಟೆಯನ್ನು ನೋಡುತ್ತ ಶಾಂತವಾಗಿ ಹೇಳಿದರು: "ಅತ್ತಿಗೆ, ಬರೋಕೆ ಮನಸಿಲ್ಲಾಂದ್ರೆ ಬಾಯಲ್ಲೇ ಹೇಳ್ಬೋದಿತ್ತು."

ಮುಚ್ಚಿದರೆ ಕೂಗುವ ಬಾಗಿಲು

ಚಿಕ್ಕಪ್ಪನ ಮುಂದೆ ಆದ ಅವಮಾನದಲ್ಲಿ ಅವ್ವ, "ನೀನು ಬಾಗಿಲಿಗೆ ಸರಿಯಾಗಿ ಒಂದು ಗಂಟೆ ಕಟ್ಟಿದ್ರೆ ಬರ್ತೀನಿ" ಎಂದು ಬಾಯಿಬಿಟ್ಟಳು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಕೊಟ್ಟು ಮೊಳೆ ಹೊಡೆಸಿದೆ. ಇನ್ನು ಇದ್ದದ್ದು ಮುಂಬಾಗಿಲೊಂದೇ. ತೇನಿಯ ಒಂದು ರೇಡಿಯೊ ರಿಪೇರಿ ಅಂಗಡಿಯಿಂದ ಕರೆಂಟ್ ಬೆಲ್ಲು, ಬ್ಯಾಟರಿ, ವೈರು ತಂದೆ. ಅಂಗಡಿಯಾತ ಕೆಲಸ ಸುಲಭ ಎಂದಿದ್ದ. ಬಾಗಿಲಿಗೊಂದು ಹಿತ್ತಾಳೆ ಪಟ್ಟಿ, ಚೌಕಟ್ಟಿಗೊಂದು ಪಟ್ಟಿ. ಎರಡೂ ಒಂದಕ್ಕೊಂದು ತಾಗಿದರೆ ಬೆಲ್ಲು ಹೊಡೆಯುತ್ತದೆ.

ರಜೆ ಹಾಕಿ ಬೆಳಗಿನಿಂದ ಮೊಳೆ ಹೊಡೆದೆ. ಬೆರಳಿಗೆ ಹೊಡೆದುಕೊಂಡದ್ದನ್ನು ಬಿಟ್ಟರೆ ಎಲ್ಲ ಸರಿಯಾಗಿಯೇ ಕೂತಿತು. ವೈರು ಸೇರಿಸಿ ಬಾಗಿಲು ತೆರೆದೆ. ಸದ್ದಿಲ್ಲ. ಅಲ್ಲಾಡಿಸಿದೆ. ಸದ್ದಿಲ್ಲ. ಬೇಸರದಿಂದ ಬಾಗಿಲು ಮುಚ್ಚಿದೆ. ಟ್ರ್‌ರ್‌ರ್‌ರ್ ಎಂದು ಕಿವಿ ಹರಿಯುವಂತೆ ಹೊಡೆಯತೊಡಗಿತು. ಬಾಗಿಲು ತೆರೆದೆ, ನಿಂತಿತು. ಮುಚ್ಚಿದೆ, ಮತ್ತೆ ಹೊಡೆಯಿತು. ಪಟ್ಟಿಗಳು ತಾಗುವುದು ಬಾಗಿಲು ಮುಚ್ಚಿದಾಗ ಎಂಬುದು ನನಗೆ ಹೊಳೆದದ್ದು ಆಮೇಲೆ.

ಅವ್ವ ಎರಡೂ ಕಿವಿ ಮುಚ್ಚಿಕೊಂಡು ಕೂಗಿದಳು: "ಕಳ್ಳ ಬರದಿದ್ರೆ ಬಡ್ಕೊಳ್ಳುತ್ತೆ, ಬಂದ್ರೆ ಬಾಯಿ ಮುಚ್ಕೊಳ್ಳುತ್ತೆ! ಇದು ನಮ್ಮ ಕಡೇದೋ ಅವನ ಕಡೇದೋ?"

ಆಗ ಎದುರು ಮನೆಯ ಅತ್ತೆ ಬಂದರು. ಸಂಬಂಧದಲ್ಲಿ ದೂರ, ಆದರೆ ನಮ್ಮ ಮನೆಯ ಪ್ರತಿಯೊಂದಕ್ಕೂ ಅವರೇ ಹತ್ತಿರ. ಎಲ್ಲವನ್ನೂ ಕೇಳಿಕೊಂಡು ನನ್ನ ಬೆನ್ನು ತಟ್ಟಿದರು. "ಬಿಚ್ಬೇಡ ಅಳಿಯಾ, ಹಿಂಗೇ ಇರ್ಲಿ. ನೀವು ಊರಿಗೆ ಹೋದಾಗ ಇದು ಹೊಡ್ಕೊಂಡೇ ಇರ್ಲಿ. ಯಾವಾಗ ನಿಲ್ಲುತ್ತೋ ಆವಾಗ ನಾವೆಲ್ಲ ಒನಕೆ ತಕ್ಕೊಂಡು ಓಡಿಬರ್ತೀವಿ."

ಮಂಗಳಾರತಿ

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಈಗ ತೆರೆದರೆ ಹೊಡೆಯುತ್ತಿತ್ತು, ಮುಚ್ಚಿದರೆ ನಿಲ್ಲುತ್ತಿತ್ತು. ಬೀದಿಯವರಿಗೆಲ್ಲ ಹೇಳಿದೆ: "ಬೆಲ್ಲು ಕೇಳಿದ ತಕ್ಷಣ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬನ್ನಿ." ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಪರೀಕ್ಷೆಗೆಂದು ಹೆಂಡತಿ ಬಾಗಿಲು ತೆರೆದು ಹಿಡಿದಳು. ಬೆಲ್ಲು ಹೊಡೆಯಿತು. ನಾನು ಬೀದಿಯ ತುದಿಯಲ್ಲಿ ನಿಂತು, ಯಾರು ಮೊದಲು ದೊಣ್ಣೆ ಹಿಡಿದು ಬರುತ್ತಾರೋ ಎಂದು ಕಾದೆ.

ಯಾರೂ ಓಡಲಿಲ್ಲ. ಜಗಲಿಯ ಮೇಲಿದ್ದವರು ಎದ್ದು ನಿಂತು ಕೆನ್ನೆ ಕೆನ್ನೆ ತಟ್ಟಿಕೊಂಡರು. ಎದುರು ಮನೆಯ ಅತ್ತೆ ತಲೆಯ ಮೇಲೆ ಸೆರಗು ಹೊದ್ದು ನಿಧಾನವಾಗಿ ಬಂದು, ನಮ್ಮ ಬಾಗಿಲ ಮುಂದೆ ಕಣ್ಣು ಮುಚ್ಚಿ ಕೈಚಾಚಿದರು.

"ಪೂಜೆ ಮುಗೀತಾ? ಹಂಗೇ ಒಂದಿಷ್ಟು ವಿಭೂತಿ ಕೊಡವ್ವಾ."

ಅವರು ಹೋದ ಮೇಲೆ ನನ್ನ ಹೆಂಡತಿ ಇನ್ನೊಂದು ಕಲ್ಲು ಹಾಕಿದಳು. "ಅಲ್ಲಾ, ಕಳ್ಳ ಒಳಗೆ ಬಂದು ಬಾಗಿಲು ಮುಚ್ಕೊಂಡ್ರೆ ಬೆಲ್ಲು ನಿಂತೇ ಹೋಗುತ್ತಲ್ಲ? ಆಮೇಲೆ ಅವನು ಆರಾಮಾಗಿ ಊಟ ಮಾಡ್ಕೊಂಡು ಹೋಗ್ಬೋದು."

ನಿಜವೇ. ತಲೆ ಕೆರೆದುಕೊಂಡು ಒಂದು ಕೊಕ್ಕೆ ಮಾಡಿದೆ. ಬಾಗಿಲು ಒಮ್ಮೆ ತೆರೆದರೆ ಕೊಕ್ಕೆ ಬಿದ್ದು ಸಿಕ್ಕಿಕೊಳ್ಳುತ್ತದೆ, ಆಮೇಲೆ ಬಾಗಿಲು ಮುಚ್ಚಿದರೂ ಬೆಲ್ಲು ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಮನೆಯೊಳಗಿನ ಸ್ವಿಚ್ಚನ್ನೇ ಆರಿಸಬೇಕು. ಒಳಗೆ ಕೂತು ಎಷ್ಟೋ ಸಲ ಪರೀಕ್ಷೆ ಮಾಡಿದೆವು. ಒಮ್ಮೆಯೂ ತಪ್ಪಲಿಲ್ಲ. ಅವ್ವ ಬೆಲ್ಲಿಗೆ ಕುಂಕುಮ ಇಟ್ಟು, ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಳು. ಆ ಸೀರೆ ಬಿಸಿಲಿಗೆ ಹರಡಿದ್ದನ್ನು ನೋಡಿ ನನ್ನ ಜನ್ಮ ಸಾರ್ಥಕವಾಯಿತು ಅಂದುಕೊಂಡೆ.

ಹೆಂಚಿನ ಮೇಲಿನ ಕಳ್ಳ

ಮದುವೆಯ ದಿನ ಬೆಳಿಗ್ಗೆ ನಮ್ಮ ಬಸ್ಸಿಗೇ ಹೊರಡುವುದೆಂದಾಗಿತ್ತು. ಡ್ರೈವರಣ್ಣ ಬೀದಿಯ ಮೂಲೆಯಲ್ಲಿ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದರು. ಅವ್ವ, ಹೆಂಡತಿ ಇಬ್ಬರೂ ಹೊರಗೆ ನಿಂತಿದ್ದರು. ನಾನು ಒಳಗೆ ಹೋಗಿ, ಬಾಗಿಲು ಮುಚ್ಚಿ, ಸ್ವಿಚ್ಚು ಹಾಕಿದೆ. ಹಾಕಿದ ಮೇಲೆ ಅರ್ಥವಾಯಿತು. ನಾನೀಗ ಹೊರಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು. ತೆರೆದರೆ ಬೆಲ್ಲು ಹೊಡೆಯುತ್ತದೆ. ಒಮ್ಮೆ ಹೊಡೆದರೆ ನಿಲ್ಲುವುದಿಲ್ಲ. ನಿಲ್ಲಿಸಲು ನಾನು ಒಳಗಿರಬೇಕು.

"ಏನಾಯ್ತ್ಲಾ?" ಅವ್ವ ಹೊರಗಿನಿಂದ ಕೇಳಿದಳು.

ಸ್ವಿಚ್ಚು ಹಾಕದೆ ಬರುತ್ತೇನೆ ಎಂದರೆ ಅವಳು ಅಲ್ಲೇ ಕೂತುಬಿಡುತ್ತಾಳೆ. ಹಿತ್ತಲ ಬಾಗಿಲಿಗೆ ಮೊಳೆ, ಕಿಟಕಿಗೆ ಸರಳು. "ನೀವು ಬಸ್ಸು ಹತ್ತಿ, ಬಂದೆ!" ಎಂದು ಕೂಗಿದೆ. ಅವರು ಹೋದರು. ನಾನು ಅಡುಗೆಮನೆಗೆ ಹೋಗಿ ಮೇಲೆ ನೋಡಿದೆ. ಹೆಂಚು ಕಂಡಿತು.

ಮದುವೆಯ ಬಟ್ಟೆ ಕೊಳೆಯಾಗಬಾರದೆಂದು ರೇಷ್ಮೆ ಪಂಚೆ, ಅಂಗಿ ಬಿಚ್ಚಿ ಗಂಟು ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ. ಬರೀ ಚಡ್ಡಿಯಲ್ಲಿ ಅಟ್ಟ ಹತ್ತಿ, ಹೆಂಚು ಸರಿಸಿ ತಲೆ ತೂರಿಸಿದೆ. ಎಷ್ಟು ವರ್ಷದ ಹೊಗೆಯ ಮಸಿಯೋ, ಎಲ್ಲ ನನ್ನ ಮುಖದ ಮೇಲೆ ಸುರಿಯಿತು. ಹೇಗೋ ಸೂರಿನ ಅಂಚಿಗೆ ತೆವಳಿ ಬಂದು ಕಾಲು ಕೆಳಗೆ ಬಿಟ್ಟೆ.

"ಕಳ್ಳಾ! ಕಳ್ಳಾ! ತಿರುಡನ್! ತಿರುಡನ್!"

ಎದುರು ಮನೆಯ ಅತ್ತೆಯ ದನಿ. ಎರಡು ಭಾಷೆಯಲ್ಲೂ ಕೂಗಿದರು. ಹಿಂದೆಯೇ ನನ್ನ ಮೊಳಕಾಲಿಗೆ ಒನಕೆ ಬಿತ್ತು. ನಾನು ಧೊಪ್ಪನೆ ಬಿದ್ದೆ, ನನ್ನ ಜೊತೆ ಹೆಂಚುಗಳೂ ಬಿದ್ದವು. ಅವತ್ತು ಪೂಜೆಯೆಂದು ಯಾರೂ ತಪ್ಪು ತಿಳಿಯಲಿಲ್ಲ. ಇಡೀ ಬೀದಿ ದೊಣ್ಣೆ, ಪೊರಕೆ, ಕುಡುಗೋಲು ಹಿಡಿದು ಬಂದಿತ್ತು. ಮೈಯೆಲ್ಲ ಮಸಿ, ಬರೀ ಚಡ್ಡಿ, ಕುತ್ತಿಗೆಗೆ ರೇಷ್ಮೆ ಬಟ್ಟೆಯ ಗಂಟು. "ನಾನು, ನಾನು" ಎಂದರೆ, "ನೀನೇ ಅಂತ ಕಾಣ್ತಾ ಇದೆಯಲ್ಲೋ!" ಎಂದು ಇನ್ನೊಂದು ಬಿಟ್ಟರು.

ಗಲಾಟೆ ಕೇಳಿ ಡ್ರೈವರಣ್ಣ, ಅವರ ಹಿಂದೆ ಬಸ್ಸಿನ ಜನವೆಲ್ಲ ಓಡಿ ಬಂದರು. ಡ್ರೈವರಣ್ಣ ನನ್ನ ಮುಖದ ಮಸಿ ಒರೆಸಿ, "ಅಯ್ಯೋ, ಇದು ನಮ್ಮ ಕಂಡಕ್ಟರು!" ಎಂದರು. ಅತ್ತೆ ಒನಕೆ ಕೆಳಗಿಟ್ಟು ಬಗ್ಗಿ ನೋಡಿ, ನನ್ನ ಮೇಲೇ ರೇಗಿದರು: "ನಾನೇನ್ ಮಾಡ್ಲಿ ಅಳಿಯಾ? ಇಷ್ಟೆಲ್ಲ ಆದ್ರೂ ನಿನ್ನ ಬೆಲ್ಲು ಒಂದು ಸಲಾನೂ ಹೊಡೀಲಿಲ್ವಲ್ಲ!"

ಅವ್ವ ನನ್ನನ್ನು ನೋಡಲಿಲ್ಲ. ಮಾಡಿನ ಮೇಲೆ ಬಿದ್ದ ತೂತನ್ನು ನೋಡುತ್ತ ನಿಂತಿದ್ದಳು. "ಇಷ್ಟು ದಿನ ಬಾಗಿಲೊಂದೇ ಇತ್ತು" ಎಂದು ರೇಷ್ಮೆ ಸೀರೆಯಲ್ಲೇ ಜಗಲಿಯ ಮೇಲೆ ಕೂತಳು. "ನೀವಿಬ್ರೂ ಹೋಗಿ ಬನ್ನಿ. ನನ್ನ ತಂಗೀಗೆ ಹೇಳಿ, ಅವಳ ಅಕ್ಕನ ಹಣೇಲಿ ಬರೆದಿಲ್ಲಾಂತ." ಅವಳ ಕಣ್ಣು ತುಂಬಿತ್ತು. ಈ ಸಲ ಒಲೆಯ ನೆಪವೂ ಇರಲಿಲ್ಲ.

ಮೊಳಕಾಲಿನ ನೋವನ್ನಾದರೂ ತಡೆದೆ, ಅದನ್ನು ತಡೆಯಲಾಗಲಿಲ್ಲ. "ಅವ್ವಾ, ಈ ಮುಖ ಹೊತ್ತು ನಾನ್ಯಾವ ಮದುವೆಗೆ ಹೋಗ್ಲಿ? ನಾನೇ ಇರ್ತೀನಿ, ನೀನು ಹೋಗು" ಎಂದೆ. ಅವಳು ನನ್ನನ್ನು, ತೂತನ್ನು, ಬಸ್ಸನ್ನು ನೋಡಿದಳು. ಆಮೇಲೆ ಎದ್ದಳು. ಸೊಸೆಯ ಕೈ ಹಿಡಿದು ನಡೆದವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ನಾನು ಕುಂಟುತ್ತ ಹೋಗಿ ಬಾಗಿಲು ತೆರೆದೆ. ಬೆಲ್ಲು ಟ್ರ್‌ರ್‌ರ್‌ರ್ ಎಂದು ಹೊಡೆಯಿತು. ಒಂದಿಷ್ಟೂ ತಪ್ಪಿಲ್ಲ.

ಸಂಜೆ ಹೆಂಡತಿ ಮೈಸೂರುಪಾಕಿನ ಪೊಟ್ಟಣದ ಜೊತೆ ಸುದ್ದಿಯನ್ನೂ ತಂದಳು. ಅಕ್ಕ ತಂಗಿ ಇಬ್ಬರೂ ತಬ್ಬಿಕೊಂಡು ಅತ್ತರಂತೆ, ಆಮೇಲೆ ಬಾಯಿ ನೋಯುವಷ್ಟು ನಕ್ಕರಂತೆ. ಮದುವೆಮನೆಯವರೆಲ್ಲ ಅವ್ವನನ್ನು ಸುತ್ತುವರಿದು, "ಮನೆ ಬಿಟ್ಟು ಹೆಂಗೆ ಬಂದ್ರಿ? ಕಳ್ಳರ ಭಯ ಇಲ್ವಾ?" ಎಂದು ಕೇಳಿದರಂತೆ.

ಅವ್ವ ಎಲೆಯ ಮೇಲಿನ ಪಾಯಸ ಬಳಿದುಕೊಳ್ಳುತ್ತ ಹೇಳಿದಳಂತೆ: "ಹೊಸದಾಗಿ ಒಂದು ಕಾವಲು ಇಟ್ಟು ಬಂದಿದೀನಿ. ವೈರು ಬೇಡ, ಬ್ಯಾಟರಿ ಬೇಡ. ಹೊತ್ತಿಗೆ ಸರಿಯಾಗಿ ಒಂದು ತಟ್ಟೆ ಅನ್ನ ಹಾಕಿದ್ರೆ ಸಾಕು, ಎಷ್ಟು ಹೊಡೆದ್ರೂ ಕೆಡಲ್ಲ."