ಸೋಮವಾರ ಹೂಡದ ಎತ್ತು

ನಾನು ವಿಡಿಯೋ ಗೇಮ್ ಆಡುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ, ಹಾನಗಲ್ಲಿನಲ್ಲಿ ಕೂತು, ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕನೊಬ್ಬ ಈ ಮಾತು ಒಪ್ಪಿಕೊಳ್ಳುವುದಕ್ಕಿಂತ ಇಸ್ಪೀಟು ಆಡುತ್ತೇನೆಂದು ಹೇಳುವುದು ಸುಲಭ. ಇಸ್ಪೀಟಿಗೆ ಒಂದು ಮರ್ಯಾದೆಯಿದೆ. ದೀಪಾವಳಿಯಲ್ಲಿ ಹಿರಿಯರೂ ಕೂತು ಆಡುತ್ತಾರೆ. ಗೇಮ್ ಎಂದರೆ ಮಾತ್ರ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಕ್ಕಳ ಹತ್ತಿರ ಕಲಿತಿರಾ ಎಂದು ಕೇಳುತ್ತಾರೆ. ಮಕ್ಕಳಿಗೇನು ಬರುತ್ತದೆ, ಮಣ್ಣು? ನಾನು ಹುಬ್ಬಳ್ಳಿಯಲ್ಲಿ ಓದುವಾಗ ಬಸ್ ನಿಲ್ದಾಣದ ಹಿಂದಿನ ಉಸಿರುಗಟ್ಟುವ ಕೋಣೆಯೊಂದರಲ್ಲಿ, ನಾಣ್ಯ ಹಾಕಿ ನಿಂತೇ ಆಡುವ ಯಂತ್ರದ ಮುಂದೆ ಬೆವರು ಸುರಿಸಿ ಕಲಿತವನು. ಯಂತ್ರ ಮೂರು ಜೀವ ಕೊಡುತ್ತಿತ್ತು. ಮೂರೂ ಹೋದವೋ, ಮುಚ್ಚಿಕೊಂಡು ರೂಮಿಗೆ ನಡೆಯಬೇಕು. ಈಗಿನ ಆಟಗಳಲ್ಲಿ ನೆಮ್ಮದಿಯಾಗಿ ಸಾಯುವುದಕ್ಕೂ ಬಿಡುವುದಿಲ್ಲ. ಒಂದು ಜಾಹೀರಾತು ನೋಡಿ, ಮತ್ತೆ ಹುಟ್ಟಿ ಎನ್ನುತ್ತವೆ. ಪುನರ್ಜನ್ಮವನ್ನು ಇಷ್ಟು ಅಗ್ಗ ಮಾಡಿದವರನ್ನು ನಾನು ಕ್ಷಮಿಸಲಾರೆ.

ಕ್ಷಮಿಸದವರ ಪಟ್ಟಿ ನನ್ನಲ್ಲಿ ಸಾಕಷ್ಟು ಉದ್ದವಿದೆ. ಶಿಗ್ಗಾಂವಿಯ ಕ್ಷೌರದ ಅಂಗಡಿಯಲ್ಲಿ ಸರದಿಗೆ ಕುಳಿತವರೆಲ್ಲ ಮೊಬೈಲಿನಲ್ಲಿ ಇನ್ನೊಬ್ಬ ಆಡುವುದನ್ನು ನೋಡುತ್ತಿರುತ್ತಾರೆ. ಆಡುವವನು ಒಂದೇ ಸಮ ಕಿರುಚುತ್ತಿರುತ್ತಾನೆ, ಇವರು ಹಲ್ಲು ಕಿರಿಯುತ್ತಿರುತ್ತಾರೆ. ಉಣ್ಣುವವನ ಎದುರು ಕೂತು ತಾನು ತೇಗುವವನಿಗೂ ಇವರಿಗೂ ಏನು ವ್ಯತ್ಯಾಸವೋ ನನಗೆ ತಿಳಿಯದು. ಹಿರೇಕೆರೂರಿನ ಸಂತೆಯಲ್ಲಿ ಬಂದೂಕು ಹಿಡಿದ ಯೋಧನ ಚಿತ್ರದ ಅಂಗಿಯನ್ನು ಇನ್ನೂ ಹಲ್ಲು ಬಾರದ ಕೂಸುಗಳಿಗೆ ತೊಡಿಸುತ್ತಾರೆ. ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಹೋದಾಗ ನೋಡಿದೆ: ಅಷ್ಟು ಚೆಂದ ಮಾಡಿ ನಿಲ್ಲಿಸಿದ ಒಕ್ಕಲುತನದ ಶಿಲ್ಪಗಳ ಮುಂದೆ ಹೊಟ್ಟೆ ಬಂದ ಗಂಡಸರು ಒಂದು ಮೊಣಕಾಲೂರಿ, ಇಲ್ಲದ ಬಂದೂಕನ್ನು ಗುರಿಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಏಳುವಾಗ ಇಬ್ಬರು ಕೈ ಹಿಡಿದು ಎತ್ತಬೇಕಾಯಿತು. ಇನ್ನು ಆಟವನ್ನು ಸಿನಿಮಾ ಮಾಡುವುದು, ಸಿನಿಮಾವನ್ನು ಆಟ ಮಾಡುವುದು, ಎರಡೂ ಮುಗ್ಗರಿಸಿದ ಮೇಲೆ ಊಟದ ಡಬ್ಬಿಯ ಮೇಲೆ ಚಿತ್ರ ಅಚ್ಚು ಹಾಕುವುದು. ಕೊನೆಗೆ ಉಳಿಯುವುದು ಡಬ್ಬಿಯೊಂದೇ. ಅದರಲ್ಲಿ ಚಪಾತಿಯಾದರೂ ಹಿಡಿಯುತ್ತದೆ.

ಇಷ್ಟೆಲ್ಲ ಬೈಯುವ ನಾನು ಮೂರು ತಿಂಗಳಿಂದ ಏನು ಆಡುತ್ತಿದ್ದೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ. ಒಕ್ಕಲುತನದ ಆಟ. ಗೇಮುಗಳ ಜಾತಿಯಲ್ಲೇ ಇದಕ್ಕಿಂತ ಕಳಪೆ ಇನ್ನೊಂದಿಲ್ಲ. ಇದರಲ್ಲಿ ಶತ್ರುವಿಲ್ಲ, ಯುದ್ಧವಿಲ್ಲ, ಬುದ್ಧಿಯ ಅಗತ್ಯವಂತೂ ಇಲ್ಲವೇ ಇಲ್ಲ. ಟ್ಯಾಬಿನಲ್ಲಿ ಒಂದು ಹೊಲ, ಒಂದು ಜೋಡಿ ಎತ್ತು. ದಿನಾ ಎತ್ತುಗಳಿಗೆ ಮೇವು ಹಾಕಬೇಕು, ಅವನ್ನು ಬೆರಳಿನಿಂದ ನೊಗದ ಕಡೆ ಎಳೆದು ಹೂಡಬೇಕು, ಒಂದು ಸಾಲಾದರೂ ಹೊಡೆಯಬೇಕು. ಬಿಡದೆ ನೂರು ದಿನ ಹೂಡಿದರೆ ಕೋಡಿನ ತುದಿಗೆ ಹಿತ್ತಾಳೆಯ ಕೊಡಣಸು, ಮೈಮೇಲೆ ಹೊದಿಸಿದ ಕೆಂಪು ಝೂಲ ಇರುವ ಬಿಳಿ ಜೋಡಿಯೊಂದು ಬಹುಮಾನ. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಆಟ ಎಷ್ಟು ದಡ್ಡತನದ್ದು ಎಂದು ಪರೀಕ್ಷಿಸುವುದಕ್ಕೆಂದೇ ಶುರು ಮಾಡಿದ್ದೆ. ಪರೀಕ್ಷೆ ತೊಂಬತ್ತಮೂರು ದಿನ ನಡೆದಿತ್ತು.

ಆಗ ಬಂತು ಕಣ್ಣಿನ ಪೊರೆ. ಗುರುವಾರ ಆಪರೇಷನ್ ಆಯಿತು. ಡಾಕ್ಟರು ಒಂದು ವಾರ ಟೀವಿ, ಮೊಬೈಲು ಯಾವುದನ್ನೂ ನೋಡಕೂಡದು ಎಂದರು. ಬೇರೆಯವರು ಅಂಥ ಹೊತ್ತಿನಲ್ಲಿ ದೃಷ್ಟಿಯ ಬಗ್ಗೆ ಚಿಂತಿಸುತ್ತಾರಂತೆ. ನಾನು ಬೆರಳೆಣಿಸಿದೆ. ಇನ್ನು ಏಳು ದಿನ, ಮುಂದಿನ ಬುಧವಾರಕ್ಕೆ ನೂರು. ಹೆಂಡತಿಗೆ ಹೇಳಿ ನೋಡಿದೆ. ಮನೆಯಲ್ಲಿ ತಿಕ್ಕಲು ನಿಜವಾದ ಪಾತ್ರೆಗಳೇ ಇರುವಾಗ ಸುಳ್ಳು ಹೊಲ ಉಳಲು ತನಗೆ ಪುರುಸೊತ್ತಿಲ್ಲ ಎಂದಳು. ಉಳಿದವನು ಅಪ್ಪ. ಎಂಬತ್ತು ವರ್ಷದ ಅಪ್ಪ ಹಿರೇಕೆರೂರು ಕಡೆಯ ಹೊಲವನ್ನು ನನ್ನ ತಮ್ಮನಿಗೆ ಬಿಟ್ಟು ನಮ್ಮ ಮನೆಗೆ ಬಂದು ಎರಡು ವರ್ಷವಾಗಿದೆ. ಮೊಬೈಲೆಂದರೆ ಅವನಿಗೆ ಅಸಹ್ಯ. ಆದರೆ ಎತ್ತು ಎಂದೊಡನೆ ಕನ್ನಡಕ ಹುಡುಕಿದ.

ಒಂದು ಕಣ್ಣಿಗೆ ಮುಚ್ಚಳ, ಇನ್ನೊಂದನ್ನೂ ಮುಚ್ಚಿಕೊಂಡು ನಾನು ಮಂಚದ ಮೇಲಿದ್ದೆ. ಪಕ್ಕದ ಕುರ್ಚಿಯಲ್ಲಿ ಅಪ್ಪ ಕುಳಿತು ನನ್ನ ಹೊಲ ತಪಾಸಣೆ ಮಾಡಿದ. ತಹಶೀಲ್ದಾರರೂ ಅಷ್ಟು ತಪ್ಪು ಹುಡುಕಲಾರರು. ನೊಗ ಹಿಂದೆ ಬಿದ್ದಿದೆಯಂತೆ. ಎತ್ತಿಗೆ ಮೂಗುದಾರವಿಲ್ಲವಂತೆ. ನಿನ್ನೆ ಬಿತ್ತಿದ ಗೋವಿನಜೋಳ ಇವತ್ತು ತೆನೆ ಬಿಟ್ಟರೆ ಅದನ್ನು ತಿಂದವರು ಉಳಿಯುತ್ತಾರೆಯೇ ಎಂದ. ಆಟದ ರೈತ ಹ್ಯಾಟು ಹಾಕಿಕೊಂಡು ಸದಾ ನಗುತ್ತಿರುತ್ತಾನೆ. ಅಪ್ಪನಿಗೆ ಅವನ ಮೇಲೆ ವಿಶ್ವಾಸವೇ ಹುಟ್ಟಲಿಲ್ಲ.

"ಇಂವ ಯಾಕ ಒಂದ ಸಮ ನಗತಾನ? ಹೊಲದಾಗ ಇಷ್ಟು ನಗೂ ಮನಷ್ಯಾನ್ನ ನಾ ನೋಡಿಲ್ಲ. ಯಾರದರ ಹೊಲ ಹೊಡಕೊಂಡಾನೇನೋ ನೋಡು," ಎಂದ.

ಬೈಯುತ್ತಲೇ ಹೂಡಿದ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಸಾಲಿನ ತುದಿಗೆ ಬಂದಾಗ ಎತ್ತು ತಿರುಗಿಸಲು ನಾಲಗೆಯಿಂದ ಟಕ್ ಟಕ್ ಎನ್ನುವುದು ನನಗೆ ಕೇಳುತ್ತಿತ್ತು. ಒಂದು ಸಾಲು ಸಾಕು ಎಂದು ಹೇಳಿದರೂ ಇಡೀ ಹೊಲ ಹೊಡೆಯುತ್ತಿದ್ದ. ಹಾಗೆ ಅರ್ಧಕ್ಕೆ ಬಿಟ್ಟು ಬರುವುದು ಸೋಮಾರಿಗಳ ಲಕ್ಷಣವಂತೆ. ಸೋಮವಾರ ಕೇಳಿದ್ದಕ್ಕೆ, ಎತ್ತು ಚಲೋ ಅದಾವು, ನೀನು ಮಲಗು ಎಂದ. ನಾನು ಮಲಗಿದೆ.

ಮಂಗಳವಾರ ಹೂಡಿ ಮುಗಿಸಿದ ಮೇಲೆ, ಎಷ್ಟು ದಿನವಾಯಿತು ಎಂದು ಕೇಳಿದೆ. ತೊಂಬತ್ತೊಂಬತ್ತು ಎಂಬ ಮಾತು ಕೇಳಲು ಕಿವಿ ನಿಮಿರಿಸಿದ್ದೆ. ಅಪ್ಪ ನಿಧಾನವಾಗಿ ಓದಿ, "ಒಂದು," ಎಂದ.

ಡಾಕ್ಟರ ಮಾತು ಗಾಳಿಗೆ ತೂರಿ ಟ್ಯಾಬು ಕಸಿದುಕೊಂಡು ನೋಡಿದೆ. ಒಂದೇ ಕಣ್ಣಿಗೂ ಒಂದೇ ಕಂಡಿತು. ನಿನ್ನೆ ಯಾಕೆ ಹೂಡಲಿಲ್ಲ ಎಂದು ಕೂಗಿದೆ. ಅಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ನಿನ್ನೆ ಸ್ವಾಮಾರ ಅಲ್ಲೇನೋ? ಬಸವಣ್ಣನ ದಿನ ಯಾರರ ಎತ್ತಿನ ಹೆಗಲಿಗೆ ನೊಗ ಇಡತಾರೇನು?"

ನಮ್ಮ ಕಡೆ ಸೋಮವಾರ ಎತ್ತಿಗೆ ರಜೆ. ಅಂದು ಅವುಗಳಿಗೆ ಮೈ ತೊಳೆಯುವುದು, ಮೇವು ತಿನ್ನಿಸುವುದು ಬಿಟ್ಟರೆ ಕೆಲಸ ಹಚ್ಚುವುದಿಲ್ಲ. ಮಳೆ ಬಿದ್ದು ಹದ ಆರಿ ಹೋಗುತ್ತಿದ್ದರೂ ಇಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ; ಆ ಮನೆಯಲ್ಲಿ ಹುಟ್ಟಿದವನು. ಆದರೆ ಸಿಟ್ಟು ಗೊತ್ತಿರುವುದನ್ನೆಲ್ಲ ಕೇಳುತ್ತದೆಯೇ? ನೂರು ದಿನದ ಅಂಚಿನಲ್ಲಿ ನನ್ನ ಬಿಳಿ ಜೋಡಿ ಹೋಗಿತ್ತು. ಹಳೆಯ ಕಾಲದವರ ಕೈಗೆ ಕೊಟ್ಟದ್ದೇ ತಪ್ಪು, ಬಣ್ಣದ ಚಿತ್ರಕ್ಕೂ ದನಕ್ಕೂ ವ್ಯತ್ಯಾಸ ತಿಳಿಯದವರ ಜೊತೆ ಬಾಳುವುದು ಹೇಗೆ ಎಂದೆಲ್ಲ ಅಂದೆ. ಅನ್ನಬಾರದಿತ್ತು. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ಅದು ಚಿತ್ರ ಯಪ್ಪಾ. ಅದಕ್ಕ ಜೀವ ಇಲ್ಲ," ಎಂದೆ.

"ಜೀವ ಇಲ್ಲಂದ್ರ ಮೂರ ತಿಂಗಳಿಂದ ದಿನಾ ಯಾರಿಗೆ ಮೇವು ಹಾಕಾಕತ್ತೀ?" ಎಂದ ಅಪ್ಪ. ಆಮೇಲೆ ಏನೋ ಹೊಳೆದಂತಾಗಿ ಬೆರಳು ಮಡಿಸಿದ. "ತೊಂಬತ್ತಮೂರು ದಿನ ಅಂದ್ರ ಹದಿಮೂರು ಸ್ವಾಮಾರ ಆತು. ಹದಿಮೂರೂ ಹೂಡಿದೇನು?"

ಹೂಡಿದ್ದೆ. ಕಚೇರಿಯಲ್ಲಿ ಫೈಲಿನ ಮರೆಯಲ್ಲಿಟ್ಟುಕೊಂಡು ಹೂಡಿದ್ದೆ. ಮೇಲಾಧಿಕಾರಿಗಳು ಕೇಳಿದ ಎಷ್ಟೋ ಪ್ರಶ್ನೆಗಳಿಗೆ ಮುಖ ಕೆಡಿಸಿಕೊಳ್ಳದೆ ಸುಳ್ಳು ಹೇಳಿದ ಅನುಭವವಿರುವ ನಾನು ಈ ಪ್ರಶ್ನೆಗೆ ಗೋಡೆಯ ಕಡೆ ತಿರುಗಿ ಮಲಗಿದೆ.

ಮುಂದಿನ ಸೋಮವಾರದ ಹೊತ್ತಿಗೆ ನನಗೆ ಟ್ಯಾಬು ಮುಟ್ಟಲು ಅಪ್ಪಣೆ ಸಿಕ್ಕಿತ್ತು. ಅಲ್ಲಿಯವರೆಗೆ ಅಪ್ಪನೇ ದಿನಾ ಹೂಡಿದ್ದರಿಂದ ಎಣಿಕೆ ಆರಕ್ಕೆ ನಿಂತಿತ್ತು. ಅಪ್ಪ ಕಾಯಿ ಒಡೆಸಲು ಬಸವಣ್ಣನ ಗುಡಿಗೆ ಹೋಗಿದ್ದ, ಹೆಂಡತಿ ಹಿತ್ತಲಲ್ಲಿದ್ದಳು. ಇದೇ ಸಮಯ ಎಂದು ಟ್ಯಾಬು ತೆಗೆದೆ. ಕೆಲಸವಿಲ್ಲದಾಗ ಈ ಎತ್ತುಗಳು ಮೆಲುಕು ಹಾಕುತ್ತ ಬಾಲ ಆಡಿಸುತ್ತವೆ. ಆಟ ಮಾಡಿದವರು ಅಷ್ಟಾದರೂ ನೆಟ್ಟಗೆ ಮಾಡಿದ್ದಾರೆ. ಒಂದರ ಬೆನ್ನ ಮೇಲೆ ಬೆರಳಿಟ್ಟೆ. ನೊಗ ಅರ್ಧ ಅಂಗುಲ ದೂರದಲ್ಲಿತ್ತು. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ರಾಕ್ಷಸರನ್ನು ಕೊಂದ ಬೆರಳೋ ಏನೋ, ಆ ಅರ್ಧ ಅಂಗುಲ ಎಳೆಯಲು ಬರಲಿಲ್ಲ. ನನ್ನನ್ನು ನಾನೇ ಬೈದುಕೊಂಡು, ಮೇವಷ್ಟೇ ಹಾಕಿ ಸುಮ್ಮನೆ ಕುಳಿತೆ.

ಅಷ್ಟರಲ್ಲಿ ಅಪ್ಪ ಬಂದ. ನನ್ನ ಕೈಗೆ ಕೊಬ್ಬರಿ ಚೂರು ಕೊಟ್ಟು, ಹೂಡಿದೆಯೇನು ಎಂದು ಕೇಳಿದ. ಟ್ಯಾಬಿನಲ್ಲಿ ಚಾರ್ಜ್ ಇರಲಿಲ್ಲ ಎಂದೆ. ಟ್ಯಾಬು ನನ್ನ ತೊಡೆಯ ಮೇಲೆ ಝಗ್ ಎಂದು ಉರಿಯುತ್ತಿತ್ತು.

ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ. "ಹೌದು. ಸ್ವಾಮಾರ ಚಾರ್ಜ್ ಇರೂದಿಲ್ಲ," ಎಂದು ಕೈಕಾಲು ತೊಳೆಯಲು ಹೋದ.

ಈಗ ನಮ್ಮ ಎಣಿಕೆ ಆರು ದಾಟುವುದಿಲ್ಲ. ಪ್ರತಿ ಮಂಗಳವಾರ ಮತ್ತೆ ಒಂದು. ಹೀಗಾದರೆ ಬಿಳಿ ಜೋಡಿ ಏಳು ಜನ್ಮಕ್ಕೂ ಸಿಗುವುದಿಲ್ಲ ಎಂದು ಗೊತ್ತಿದ್ದೂ ದಿನಾ ಇಂಥ ಆಟ ಆಡುವ ದಡ್ಡರನ್ನು ಕಂಡರೆ ನನಗೆ ಆಗುವುದಿಲ್ಲ. ಅದರಲ್ಲೂ, ನಾನು ಏಳುವುದಕ್ಕೆ ಮೊದಲೇ ಎದ್ದು ಇಡೀ ಹೊಲ ಹೊಡೆದು ಮುಗಿಸಿ, ನನಗೆ ಒಂದು ಸಾಲನ್ನೂ ಉಳಿಸದ ಎಂಬತ್ತರ ಮುದುಕನನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ.