ಪ್ರಧಾನಿ ಆಗಬೇಕಾಗಿದ್ದವರು

ಈ ದೇಶದ ಪ್ರಧಾನಿಗಳ ಹೆಸರು ಹೇಳಿ ಎಂದರೆ ನಮ್ಮ ಚಿಕ್ಕಪ್ಪ ನಾಲ್ಕಕ್ಕೇ ತಡವರಿಸುತ್ತಾರೆ. ಆಗಬೇಕಾಗಿದ್ದು ಆಗದೇ ಹೋದವರನ್ನು ಕೇಳಿ ನೋಡಿ! ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ಟಿ. ನರಸೀಪುರ ಬಂದರೂ ಪಟ್ಟಿ ಮುಗಿಯುವುದಿಲ್ಲ.

ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಅಂಥವರ ಐದು ಫೋಟೋಗಳು ಅವರ ಗೋಡೆಯ ಮೇಲಿವೆ. ಒಬ್ಬರಿಗೆ ಸ್ವಂತ ಪಕ್ಷವೇ ಕೈ ಕೊಟ್ಟಿತು, ಒಬ್ಬರಿಗೆ ವಯಸ್ಸು. ಇನ್ನೊಬ್ಬರು ಸಂಜೆಯ ಕಾಫಿಯವರೆಗೂ ಪ್ರಧಾನಿಯೇ ಅಂತೆ, ಊಟದ ಹೊತ್ತಿಗೆ ಅಲ್ಲ!

"ಗೆದ್ದೋರು ಒಬ್ರೂ ಇಲ್ವಲ್ಲ ಚಿಕ್ಕಪ್ಪ?"

"ಗೆದ್ದೋರ್ಗೆ ಸರ್ಕಾರಿ ಆಫೀಸ್ ಗೋಡೆ ಅದೆ. ಇವ್ರು ಎಲ್ಗೋಗ್ಬೇಕ್ಲಾ?"

ಟಿವಿಯಲ್ಲಿ ಪ್ರಮಾಣವಚನ ಬಂದರೆ ಚಿಕ್ಕಪ್ಪ ವೇದಿಕೆ ನೋಡುವುದಿಲ್ಲ. ಕೆಳಗೆ ಕೂತವರಲ್ಲಿ ತಮ್ಮವರನ್ನು ಹುಡುಕುತ್ತಾರೆ. "ಪಾಪ, ಎಂಗ್ ಕುಂತವ್ರೆ ನೋಡೇ!"

"ಎಮ್ಮೆ ನಿಂತದೆ, ಮೊದ್ಲು ಉಲ್ಲಾಕ್ಬನ್ನಿ" ಎನ್ನುವುದು ಚಿಕ್ಕಮ್ಮ.

ಹೋದ ತಿಂಗಳು ನಮ್ಮೂರ ಹಾಲಿನ ಡೇರಿಗೆ ಅಧ್ಯಕ್ಷರ ಆಯ್ಕೆ ನಡೆಯಿತು. ನಿರ್ದೇಶಕರು ಹದಿಮೂರು ಜನ, ನಿಂತವರು ಇಬ್ಬರು. ಅವರಲ್ಲಿ ಒಬ್ಬರು ಚಿಕ್ಕಪ್ಪ. ಹಿಂದೆ ಎರಡು ಸಲ ಒಂದೇ ಮತದಲ್ಲಿ ತಪ್ಪಿತ್ತು. ಈ ಸಲವಾದರೂ ಆಗಲೇಬೇಕೆಂದು ಹೊಸ ಅಂಗಿ ಹೊಲಿಸಿದ್ದರು. ಚೀಟಿ ಎಣಿಸಿದವನು ಹೊಸ ಕಾರ್ಯದರ್ಶಿಯಾದ ನಾನು.

ಆರು, ಆರು. ಕೊನೆಯ ಚೀಟಿ ಬಿಚ್ಚಿದೆ. ಎದುರಾಳಿಯ ಹೆಸರು. ಹೆಸರಿಗೆ ಮೊದಲು, ದುಂಡಗಿನ ಅಕ್ಷರದಲ್ಲಿ, "ಶ್ರೀಯುತ". ಆ ಅಕ್ಷರ ನನಗೆ ಗೊತ್ತಿಲ್ಲವೇ? ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದವರ ಅಕ್ಷರ! ಎರಡು ಸಲ ಓದಿದೆ. ಏಳು, ಆರು ಎಂದು ಘೋಷಿಸಿದೆ.

ಮನೆಯ ದಾರಿಯಲ್ಲಿ ಚಿಕ್ಕಪ್ಪನನ್ನು ಕೇಳಿಯೇ ಬಿಟ್ಟೆ.

"ನಮ್ ಎಸ್ರ ನಾವೇ ಬರ್ಕೊಳಾಕೆ ನಾಚ್ಕೆ ಆಯ್ತದೆ ಕಣ್ಲಾ."

"ಹಿಂದಿನ ಎರಡು ಸಲಾನೂ ಇದೇನಾ?"

ಚಿಕ್ಕಪ್ಪ ಚಪ್ಪಲಿಯ ಧೂಳು ಒದರಿದರು. "ನಿನ್ ಚಿಕ್ಕವ್ವಂಗೆ ಯೋಳ್ಬ್ಯಾಡ."

ನಾವು ಒಳಗೆ ಕಾಲಿಡುತ್ತಲೇ ಚಿಕ್ಕಮ್ಮ ಶುರು ಮಾಡಿದರು. "ಒಂದೇ ಒಂದ್ ಓಟಂತಲ್ಲ! ಅದ್ನ ನಿಮ್ಗೆ ಆಕ್ದೆ ಇದ್ದೋನ್ ಕೈ ಬಿದ್ದೋಗ!"

ಚಿಕ್ಕಪ್ಪ ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಎಳೆದುಕೊಂಡರು. "ಅಂಗನ್ಬ್ಯಾಡ ಕಣೇ. ಅವ್ನೂ ಒಳ್ಳೇವ್ನೇ ಇರ್ಬೋದು."

ಚಿಕ್ಕಮ್ಮನ ದನಿ ಇಳಿಯಿತು. ಹತ್ತಿರ ಬಂದು, ಸೆರಗಿನ ತುದಿಯಿಂದ ಅವರ ಹಣೆಯ ಬೆವರು ಒರೆಸಿದರು.

"ನಿಮ್ಗಿಂತ ಒಳ್ಳೇವ್ನೇನ್ರೀ?"