ನನ್ನ ಮದುವೆಯೂ ಬೇತಮಂಗಲದ ನೀರೂ

ಹತ್ತು ಜನರ ಕೈಲಿ ಕೆಲಸ ಮಾಡಿಸುವ ಹಣೆಬರಹ ಇರುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ನನಗಂತೂ ಮೊದಲ ಕೆಲಸದಲ್ಲೇ ಶುರುವಾಯಿತು. ಎಂಬತ್ತರ ದಶಕದ ಆರಂಭ. ಮೈಸೂರಿನಿಂದ ಬಂದ ಹೊಸ ಜೂನಿಯರ್ ಇಂಜಿನಿಯರ್ ನಾನು. ಬೇತಮಂಗಲದ ಕೆರೆಯ ನೀರನ್ನು ಹತ್ತಿರದ ಹಳ್ಳಿಯೊಂದರ ಟ್ಯಾಂಕಿಗೆ ತರಲು ಪೈಪ್ ಹಾಕಿಸಬೇಕಿತ್ತು. ಅದೇ ಹೊತ್ತಿಗೆ ಬಂಗಾರಪೇಟೆಯ ಮೇಷ್ಟರೊಬ್ಬರ ಮಗಳ ಜೊತೆ ನನ್ನ ಮದುವೆ ಗೊತ್ತಾಯಿತು. ರಜೆ ಕೇಳಲು ಹೋದರೆ ನಮ್ಮ ದೊಡ್ಡ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಮೊದಲು ಟ್ಯಾಂಕಿಗೆ ನೀರು ಬೀಳಲಿ, ಆಮೇಲೆ ನಿನ್ನ ತಲೆಗೆ ಅಕ್ಷತೆ" ಅಂದುಬಿಟ್ಟರು.

ಬೈದದ್ದು ಯಾರಿಗೆ?

ನಮ್ಮ ಗ್ಯಾಂಗಿನಲ್ಲಿ ಚಿನ್ನದ ಗಣಿಯ ಕೋರಮಂಡಲ್ ಕಡೆಯ ತಮಿಳಿನವರು, ಗಡಿಯ ತೆಲುಗಿನವರು, ಸುತ್ತಲಿನ ಹಳ್ಳಿಗಳ ಕನ್ನಡದವರು, ಮೂರೂ ಥರದವರು ಇದ್ದರು. ಮೂರು ಭಾಷೆಯೂ ಎಲ್ಲರಿಗೂ ಬರುತ್ತಿತ್ತು, ನಾನು ಬೈಯುವಾಗ ಮಾತ್ರ ಬರುತ್ತಿರಲಿಲ್ಲ! ಕನ್ನಡದಲ್ಲಿ ಗದರಿಸಿದರೆ ತಮಿಳಿನವರು ಗುದ್ದಲಿಗೆ ಗದ್ದ ಊರಿ, "ಅವುಂಗೊ ಅಪ್ಪಡಿದಾನ್ ಸಾರ್," ಆ ಕನ್ನಡದವರೇ ಹಾಗೆ ಅಂತ ನನ್ನನ್ನೇ ಸಮಾಧಾನ ಮಾಡುತ್ತಿದ್ದರು. ಕಷ್ಟಪಟ್ಟು ತಮಿಳಿನಲ್ಲಿ ಎರಡು ಬೈಗುಳ ಕಲಿತು ಪ್ರಯೋಗಿಸಿದೆ. ಈ ಸಲ ಕನ್ನಡದವರು ನಕ್ಕರು.

ಕೊನೆಗೆ ಮೇಸ್ತ್ರಿಯನ್ನು ಕರೆದೆ. ಬೇತಮಂಗಲದ ಕಡೆಯ ರೈತ, ದಪ್ಪ ಮೀಸೆಯ ಆಸಾಮಿ. "ನನ್ನ ಕೋಪವನ್ನ ಮೂರೂ ಭಾಷೆಯಲ್ಲಿ ಮುಟ್ಟಿಸಪ್ಪ" ಅಂದೆ. ಅವನು ದಿಬ್ಬದ ಮೇಲೆ ನಿಂತು ಕೈಬೀಸಿ ಏನೋ ಹೇಳಿದ. ಅಬ್ಬಾ, ಆವತ್ತು ಕೆಲಸ ಓಡಿತು ನೋಡಿ! ಸಂಜೆ ಹೆಮ್ಮೆಯಿಂದ ಕೇಳಿದೆ, "ಏನಂತ ಬೈದೆ?"

"ಬೈಯೋದೆಲ್ಲಿ ಬಂತು ಸಾರ್. ಸಾಹೇಬ್ರು ಒಸಬ್ರು, ಪಾಪ, ಬೈಯೋಕೂ ಸರ್ಯಾಗಿ ಬರಾಕಿಲ್ಲ, ಬೇಜಾರ್ ಮಾಡ್ಕಂಡವ್ರೆ, ಒಸಿ ಬಿರ್ಬಿರ್ನೆ ಕೈಯಾಡ್ಸ್ರಲಾ ಅಂದೆ."

ಟವೆಲ್ಲಿನ ಸರದಿ

ಸಾಹೇಬರಿಗೆ ವರದಿ ಒಪ್ಪಿಸಿದೆ. "ಬೈಯಬೇಡಯ್ಯ, ಹುರಿದುಂಬಿಸು. ಚೆನ್ನಾಗಿ ಮಾಡಿದವನಿಗೆ ಎಲ್ಲರೆದುರು ಏನಾದರೂ ಕೊಡು" ಅಂದರು. ಸರಿ, ವಾರಕ್ಕೊಂದು ಒಳ್ಳೆಯ ಟವೆಲ್ ಬಹುಮಾನ ಅಂತ ಸಾರಿದೆ. ಮೊದಲ ವಾರ ಅಗೆದರಪ್ಪ, ಮಣ್ಣು ನನ್ನ ಮುಖಕ್ಕೇ ಹಾರುವ ಹಾಗೆ ಅಗೆದರು.

ಎರಡನೇ ವಾರ ಹೋಗಿ ನೋಡಿದರೆ ಪೈಪಿಗೆ ಅಗೆದ ಚರಂಡಿಯೊಳಗೆ ಒಬ್ಬನೇ ಒಬ್ಬ ಬೆವರು ಸುರಿಸುತ್ತಿದ್ದಾನೆ. ಉಳಿದವರೆಲ್ಲ ಹುಣಸೆಮರದ ಕೆಳಗೆ ಬೀಡಿ ಸೇದುತ್ತ ಅವನನ್ನೇ ಅಕ್ಕರೆಯಿಂದ ನೋಡುತ್ತಿದ್ದಾರೆ.

"ಇದೇನಯ್ಯ ಅನ್ಯಾಯ?"

"ಚೀಟಿ ಎತ್ತೋ ಅಂಗೆ ಸರದಿ ಮಾಡ್ಕಂಡಿದೀವಿ ಸಾರ್," ಅಂದ ಮೇಸ್ತ್ರಿ. "ಈ ವಾರದ ಟವೆಲ್ಲು ಅವ್ನುದು. ನಾವೂ ಅಗುದ್ಬುಟ್ಟು ಅವ್ನ್ ಒಟ್ಟೆ ಮ್ಯಾಲೆ ಒಡಿಯೋದಾ?"

ಹೆಣ್ಣಿನ ತಂದೆ

ಮದುವೆಯ ದಿನ ಹತ್ತಿರವಾಯಿತು. ಪೈಪು ಮಾತ್ರ ಹಳ್ಳಿಗೆ ಹತ್ತಿರವಾಗಲಿಲ್ಲ. ಮರ್ಯಾದೆಗೆ ಅಂಜಿ ನಾನು ಗ್ಯಾಂಗಿಗೆ ವಿಷಯವನ್ನೇ ಹೇಳಿರಲಿಲ್ಲ. ಒಂದು ದಿನ ಹೆಣ್ಣಿನ ತಂದೆ ಬಸ್ಸಿಳಿದು ಸೀದಾ ಕೆಲಸದ ಜಾಗಕ್ಕೇ ಬಂದರು. ಎಲ್ಲರೆದುರು, "ಟ್ಯಾಂಕಿಗೆ ನೀರು ಬಿದ್ದಮೇಲೇ ರಜೆ ಅಂದರೆ ಹೇಗೆ? ಸಿಗುತ್ತೋ ಇಲ್ಲವೋ ಹೇಳಿಬಿಡಿ. ಛತ್ರದವರು ಕೇಳ್ತಿದ್ದಾರೆ, ಮನೇಲಿ ಮಗಳು ಊಟ ಬಿಟ್ಟಿದಾಳೆ" ಅಂದರು. ನನಗೆ ಆ ಚರಂಡಿಗೇ ಇಳಿದು ಮಣ್ಣು ಮುಚ್ಚಿಕೊಳ್ಳೋಣ ಅನ್ನಿಸಿತು.

ಮೇಸ್ತ್ರಿ ಕಣ್ಣರಳಿಸಿದ. "ನೀರ್ ಬಂದ್ರೇನೇ ಮದ್ವೆನಾ? ಮೊದ್ಲೇ ಯೋಳ್ಬಾರ್ದಾ ಸಾರ್!"

ಅಷ್ಟೇ. ಬೈಗುಳಕ್ಕೂ ಟವೆಲ್ಲಿಗೂ ಆಗದ್ದು ಆಯಿತು. ಬೆಳಗಾಗುವುದರೊಳಗೆ ಬಂದು ಗುದ್ದಲಿ ಹಿಡಿದರು, ಬೀಡಿಯನ್ನೂ ಅಗೆಯುತ್ತಲೇ ಸೇದಿದರು. ಒಬ್ಬ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತರೆ ಪಕ್ಕದವನು ಕಿರುಚುತ್ತಿದ್ದ: "ಅಗಿಯಲಾ! ನೀನಿಂಗ್ ನಿಂತ್ರೆ ಸಾಹೇಬ್ರಿಗೆ ಮದ್ವೆ ಆಗಲ್ಲ, ನೇರ ಷಷ್ಟಿಪೂರ್ತಿ!"

ಛತ್ರದಲ್ಲಿ

ಮದುವೆಗೆ ಎರಡು ದಿನ ಇದ್ದಾಗ ಟ್ಯಾಂಕಿಗೆ ನೀರು ಬಿತ್ತು. ರಜೆ ಸಿಕ್ಕಿತು. ದಿನಾ ಬೆಳಗ್ಗೆ ನೀರು ಬಿಡುವ ವಾಲು ತೆಗೆಯುವುದು, ಟ್ಯಾಂಕ್ ತುಂಬಿದ ಮೇಲೆ ಮುಚ್ಚುವುದು, ಇಷ್ಟೇ ಬಾಕಿ. "ಅದು ನನ್ ಜವಾಬ್ದಾರಿ, ನೀವ್ ಓಗಿ ತಾಳಿ ಕಟ್ಟಿ" ಅಂದಿದ್ದ ಮೇಸ್ತ್ರಿ.

ಮುಹೂರ್ತದ ಹೊತ್ತಿಗೆ ಗ್ಯಾಂಗು ಬಂತು. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಷರ್ಟು, ಮೊದಲ ಸಾಲಿನಲ್ಲಿ ದೊಡ್ಡ ಸಾಹೇಬರ ಪಕ್ಕದಲ್ಲೇ ಕೂತರು. ಬಾಸಿಂಗದ ಸಂದಿಯಿಂದ ಒಬ್ಬೊಬ್ಬರ ಮುಖ ನೋಡುತ್ತ ಬಂದೆ. ಎಲ್ಲರೂ ಇದ್ದಾರೆ! ಅಕ್ಷತೆ ಹಾಕಲು ಬಂದ ಮೇಸ್ತ್ರಿಯ ಕಿವಿಯಲ್ಲಿ ಕೇಳಿದೆ, "ವಾಲು?"

"ತೆಗ್ದೈತೆ ಸಾರ್, ಏನೂ ಯೋಚ್ನೆ ಮಾಡ್ಬ್ಯಾಡಿ!"

"ಮುಚ್ಚೋರು ಯಾರಯ್ಯ?"

ಅವನು ತಿರುಗಿ ಗ್ಯಾಂಗನ್ನು ನೋಡಿದ. ಮೀಸೆ ಇಳಿಯಿತು. "ಒಬ್ಬುನ್ನ ಬುಟ್ಟು ಬರಾನ ಅಂದ್ರೆ ಯಾವನೂ ಒಪ್ನಿಲ್ಲ ಸಾರ್. ಎಲ್ರೂ ಅಗ್ದಿದ್ದು ಈ ಮದ್ವೆಗೇ ಅಲ್ವಾ?"

ಬೈಯೋಣ ಅಂದುಕೊಂಡೆ, ಅಷ್ಟರಲ್ಲಿ ಪುರೋಹಿತರು ತಾಳಿ ಕೈಗಿತ್ತರು. ತಾಳಿ ಕಟ್ಟಿದವನೇ ಹೂವಿನ ಹಾರದಲ್ಲೇ ಸಾಹೇಬರ ಜೀಪು ಹತ್ತಿದೆ. ಪಕ್ಕದಲ್ಲಿ ಹೆಂಡತಿ, ಮುಂದೆ ವಿಷಯ ತಿಳಿದು ಸಿಟ್ಟಿನಿಂದ ಉರಿಯುತ್ತಿದ್ದ ಸಾಹೇಬರು, ಹಿಂದೆ ಜೋತುಬಿದ್ದ ಮೇಸ್ತ್ರಿ.

ಹಳ್ಳಿಯ ಬೀದಿಯಲ್ಲಿ ಹೊಳೆ. ಟ್ಯಾಂಕ್ ಉಕ್ಕಿ ಧೋ ಎಂದು ಸುರಿಯುತ್ತಿದೆ. ಕೆಳಗೆ ಮಕ್ಕಳು, ಗಂಡಸರು, ಎಮ್ಮೆಗಳು, ಎಲ್ಲ ಒದ್ದೆಮುದ್ದೆ. ಮೇಸ್ತ್ರಿ ವಾಲಿನ ಕಡೆ ಓಡಿದ. ಸಾಹೇಬರು ನನ್ನ ಕಡೆ ತಿರುಗಿ ಬಾಯಿ ತೆರೆದರು. ಅಷ್ಟರಲ್ಲಿ ನೀರಿಳಿಯುವ ಬಿಳಿಗೂದಲ ಅಜ್ಜಿಯೊಬ್ಬಳು ಬಂದು ನನ್ನ ಹೆಂಡತಿಯ ಗಲ್ಲ ಸವರಿ ನೆಟಿಕೆ ಮುರಿದಳು.

"ಮದ್ವೆ ಅಂದ್ರೆ ಇಂಗಿರ್ಬೇಕು ಕಣಪ್ಪ! ಕರೀದೆ ಇದ್ರೂ ಊರಿಗೂರೇ ತಲೆಗ್ ನೀರಾಕ್ಕಂಡೈತೆ. ಊಟ ಎಲ್ಲಿ?"